ಅಮ್ಮನನ್ನು ಕೀಮೋ ಟ್ರಯಲ್‌ಗೆ ಸೇರಿಸಬಹುದೇ?

ತಾಯಿಗೆ ಅಂಡಾಶಯದ ಕ್ಯಾನ್ಸರ್, ಮೂರನೇ ಹಂತ. ವಿಜಯಪುರದಿಂದ ಮುಂಬೈಗೆ ಕರೆತಂದಿದ್ದೀರಿ, ಡಾಕ್ಟರು ಟ್ರಯಲ್ ಬಗ್ಗೆ, ಅಂದರೆ ಚಿಕಿತ್ಸೆಗಳನ್ನು ರೋಗಿಗಳಿಗೆ ಕೊಟ್ಟು ಹೋಲಿಸಿ ನೋಡುವ ಅಧ್ಯಯನದ ಬಗ್ಗೆ, ಹೇಳಿದ್ದಾರೆ. ಔಷಧಿಯ ಬದಲು ಬರೀ ನೀರು ಏರಿಸಿಬಿಟ್ಟರೆ ಎಂಬ ಭಯ ನಿಮ್ಮದು. ಇಲ್ಲಿನ ಆಸ್ಪತ್ರೆಯೊಂದರ ಸಂಶೋಧನಾ ವಿಭಾಗದಲ್ಲಿ ನಾನು ನರ್ಸ್. ನಮ್ಮ ಕಡೆಯಿಂದ ಬರುವ ಬಹುತೇಕ ಕುಟುಂಬಗಳು ಇದನ್ನೇ ಕೇಳುತ್ತವೆ.

ಹಾಗೆ ಆಗುವುದಿಲ್ಲ. ಈ ಕಾಯಿಲೆಗೆ ಮೊದಲು ಕೊಡುವುದು ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್ ಎಂಬ ಕೀಮೋ ಔಷಧಿಗಳು, ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಆರು ಸಲ. ಮೊದಲ ಚಿಕಿತ್ಸೆಯ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಗುಂಪಿಗೆ ಇದೇ ಸಿಗುತ್ತದೆ. ಇನ್ನೊಂದು ಗುಂಪಿಗೆ ಇದರ ಜೊತೆ ಹೊಸ ಔಷಧಿ ಇರಬಹುದು, ಇಲ್ಲವೇ ಕೊಡುವ ಕ್ರಮ ಬೇರೆಯಾಗಿರಬಹುದು. ಇಂದಿನ ಈ ಚಿಕಿತ್ಸೆಯೂ ಟ್ರಯಲ್‌ಗಳಿಂದಲೇ ಬಂದದ್ದು. 1996ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸಿಸ್ಪ್ಲಾಟಿನ್ (ಕಾರ್ಬೋಪ್ಲಾಟಿನ್ ಗುಂಪಿನದೇ ಔಷಧಿ) ಜೊತೆ ಸೈಕ್ಲೋಫಾಸ್ಫಮೈಡ್ ಎಂಬ ಔಷಧಿಯ ಬದಲು ಪ್ಯಾಕ್ಲಿಟಾಕ್ಸೆಲ್ ಕೊಟ್ಟಾಗ ಅರ್ಧದಷ್ಟು ಮಹಿಳೆಯರು ಬದುಕಿದ್ದ ಅವಧಿ 24 ತಿಂಗಳಿಂದ 38ಕ್ಕೆ ಏರಿತು. ಆ ಮಹಿಳೆಯರು ಒಪ್ಪಿಗೆ ಕೊಟ್ಟದ್ದರ ಫಲ ಇಂದು ನಿಮ್ಮ ತಾಯಿಗೆ ಸಿಗುತ್ತಿದೆ.

ಆದರೆ ಹೊಸದೆಲ್ಲ ಮೇಲು ಎಂದುಕೊಳ್ಳಬೇಡಿ. ಪ್ಯಾಕ್ಲಿಟಾಕ್ಸೆಲ್ ಅನ್ನು ವಾರಕ್ಕೊಮ್ಮೆ ಕೊಟ್ಟರೆ ಹೆಚ್ಚು ಲಾಭ ಎಂದು 2009ರಲ್ಲಿ ಜಪಾನಿನ ಅಧ್ಯಯನ ತೋರಿಸಿತು. 2019ರಲ್ಲಿ ಪ್ರಕಟವಾದ, ಬಹುಪಾಲು ಯುರೋಪಿನ ಮಹಿಳೆಯರಿದ್ದ ಐಕಾನ್-8 ಎಂಬ ಅಧ್ಯಯನದಲ್ಲಿ ಆ ಲಾಭ ಕಾಣಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮ ಇನ್ನೊಂದು ಮಾತು: ‘ಅಮ್ಮನಿಗೆ ಗಡ್ಡೆ ಎಂದಷ್ಟೇ ಹೇಳಿದ್ದೇವೆ.’ ಹಾಗಿದ್ದರೆ ಟ್ರಯಲ್‌ಗೆ ಸೇರಿಸಲಾಗದು. ಸಹಿ ಅವರದೇ ಆಗಬೇಕು, ನಿಮ್ಮದಲ್ಲ. ಓದಲು ಬಾರದಿದ್ದರೆ ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಬೇಕು. ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕೈಗೆ ಮರಾಠಿ, ಹಿಂದಿ ಪ್ರತಿ ಕೊಟ್ಟರೆ ಕನ್ನಡದ್ದನ್ನು ಕೇಳಿ, ಸಿಗುವವರೆಗೆ ಸಹಿ ಬೇಡ. ಹೇಳಿದರೆ ಅಮ್ಮ ಕುಸಿದುಹೋಗುತ್ತಾರೆ ಎಂಬ ನಿಮ್ಮ ಸಂಕಟ ನನಗೆ ಗೊತ್ತು. ಆದರೆ ಕೀಮೋ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರ ಬೋಳುತಲೆ ನೋಡಿದ ಮೇಲೆ ಯಾವ ತಾಯಿಗೆ ತಿಳಿಯುವುದಿಲ್ಲ? ಮಕ್ಕಳು ನೊಂದುಕೊಳ್ಳುತ್ತಾರೆ ಎಂದು ಅವರೂ ಬಾಯಿ ಬಿಡುವುದಿಲ್ಲ, ಅಷ್ಟೇ. ನಿಮಗೆ ಧೈರ್ಯ ಬಾರದಿದ್ದರೆ ಡಾಕ್ಟರಿಂದಲೇ ಹೇಳಿಸಿ, ನೀವು ಪಕ್ಕದಲ್ಲಿ ಕುಳಿತಿರಿ.

ಟ್ರಯಲ್‌ನ ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಹೆಚ್ಚುವರಿ ಸ್ಕ್ಯಾನ್, ಪ್ರಯಾಣದ ಖರ್ಚು ಯಾರದು ಎಂದೂ ಕೇಳಿ. ಸೇರಿದ ಮೇಲೆ ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು, ಮಾಮೂಲಿ ಚಿಕಿತ್ಸೆ ನಿಲ್ಲಬಾರದು.

ನಡುವೆ ಊರಿಗೆ ಹೋಗಿಬರಬಹುದೇ ಎಂದೂ ಕೇಳಿದ್ದೀರಿ. ಮೊದಲ ಕೀಮೋ ಆದ ಮೇಲಾದರೂ ಮುಂಬೈಯಲ್ಲೇ ಇರಿ. ಸೋಂಕು ತಡೆಯುವ ಬಿಳಿ ರಕ್ತಕಣ ಕೀಮೋದಿಂದ ಕುಸಿದಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.