‘ಮಫ್ತಿ’ಯ ಮೂಲ: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

‘ಮಫ್ತಿ’ ಎಂಬ ಪದವನ್ನು ಕುರಿತು ತಾವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ತಾವು ಆರಿಸಿಕೊಂಡ ಪದ ಬಹಳ ಒಳ್ಳೆಯದು. ಆದ್ದರಿಂದಲೇ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಸರ್ಕಾರ ‘ಮುಫತ್ತಾಗಿ’ ಕೊಟ್ಟ ಬಟ್ಟೆಯೇ ಮಫ್ತಿಯಾಯಿತು ಎಂದು ತಾವು ವಾದಿಸಿದ್ದೀರಿ. ಸರ್ಕಾರ ಕೊಡುವುದು ಸಮವಸ್ತ್ರವನ್ನು. ಮಫ್ತಿಯೆಂದರೆ ಅದನ್ನು ಕಳಚಿಟ್ಟು ತೊಡುವ ಸ್ವಂತ ಉಡುಪು. ಅಲ್ಲದೆ ಪುಕ್ಕಟೆ ಎಂಬರ್ಥದ ‘ಮುಫ್ತ್’ ಪಾರಸಿಯದು. ಮಫ್ತಿಯ ಮೂಲವೆಂದು ನಿಘಂಟುಗಳು ಸೂಚಿಸುವ ‘ಮುಫ್ತಿ’ ಅರಬ್ಬಿಯದು. ಫತ್ವಾ ನೀಡುವ ಧರ್ಮಶಾಸ್ತ್ರಜ್ಞ ಎಂದು ಅದರ ಅರ್ಥ, ‘ಫತ್ವಾ’, ‘ಮುಫ್ತಿ’ ಎರಡಕ್ಕೂ ಧಾತು ಒಂದೇ. ಈ ಪದ ಬಟ್ಟೆಗೆ ಅಂಟಿಕೊಂಡದ್ದು 19ನೆಯ ಶತಮಾನದ ಆರಂಭದಲ್ಲಿ, ಬ್ರಿಟಿಷ್ ಸೈನ್ಯದ ಆಡುಮಾತಿನಲ್ಲಿ. ಅರ್ಥ ಹೀಗೆ ಹೊರಳಿದ ಬಗೆ ಸ್ಪಷ್ಟವಿಲ್ಲವೆಂದು ಯೂಲ್ ಮತ್ತು ಬರ್ನೆಲ್ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಒಪ್ಪಿಕೊಂಡಿದ್ದಾರೆ; ಬಿಡುವಿನ ವೇಳೆಯ ನಿಲುವಂಗಿ, ಟೋಪಿ, ಚಪ್ಪಲಿಗಳು ಯುರೋಪಿನ ನಾಟಕಗಳಲ್ಲಿ ಕಾಣುತ್ತಿದ್ದ ಮುಫ್ತಿಯ ಉಡುಪನ್ನು ಹೋಲುತ್ತಿದ್ದುದರಿಂದ ಈ ಹೆಸರು ಬಂದಿರಬಹುದು ಎಂಬ ಊಹೆ 1903ರ ಆವೃತ್ತಿಯಲ್ಲಿದೆ. ಆ ‘ಬಹುದು’ ತಮ್ಮ ಲೇಖನದಲ್ಲಿಯೂ ಉಳಿಯಬೇಕು.

ತಾವು ಗಮನಿಸದೆ ಬಿಟ್ಟ ಸಾಕ್ಷಿಯೊಂದು ತಮ್ಮ ಬರಹದಲ್ಲಿಯೇ ಇದೆ. ಧರ್ಮಶಾಸ್ತ್ರಜ್ಞನನ್ನು ನಾವು ‘ಮುಫ್ತಿ’ ಎಂದು ಬರೆಯುತ್ತೇವೆ, ಬಟ್ಟೆಯನ್ನು ‘ಮಫ್ತಿ’ ಎಂದು. ಪದ ಉರ್ದುವಿನಿಂದ ನೇರವಾಗಿ ಬಂದಿದ್ದರೆ ಉಕಾರ ಉಳಿಯುತ್ತಿತ್ತು. ಅದನ್ನು ಅಕಾರದ ಹತ್ತಿರಕ್ಕೆ ತಂದದ್ದು ಇಂಗ್ಲಿಷರ ಉಚ್ಚಾರಣೆ. ಅರಬ್ಬಿಯ ಪದವೊಂದು ಇಂಗ್ಲಿಷಿನ ಬಾಯಿಂದ ಕನ್ನಡಕ್ಕೆ ಇಳಿದ ದಾರಿಯನ್ನು ಈ ಒಂದು ಸ್ವರ ತೋರಿಸುತ್ತಿರುವಾಗ, ಎರಡು ಕಾಗುಣಿತಗಳನ್ನೂ ಬಳಸಿದ ತಾವು ಅಲ್ಲಿ ಒಂದು ಕ್ಷಣ ನಿಲ್ಲಲಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಬೇಸರವಾಯಿತು.

ಬಳಕೆಯಲ್ಲಿಯೂ ಎಡವಿದ್ದೀರಿ. ‘ಅಜ್ಜ ಮಫ್ತಿಯಲ್ಲಿ ಗದ್ದೆಗೆ ಹೋಗುತ್ತಿದ್ದರು’ ಎಂಬ ವಾಕ್ಯ ಸಲ್ಲದು. ಸಮವಸ್ತ್ರವನ್ನೇ ತೊಡದವರಿಗೆ ಮಫ್ತಿಯೂ ಇಲ್ಲ. ಹಾಗೆಯೇ ಅದು ಮಾರುವೇಷವೂ ಅಲ್ಲ. ಮಫ್ತಿಯಲ್ಲಿರುವ ಪೇದೆ ಬೇರೊಬ್ಬನಂತೆ ನಟಿಸಬೇಕಾಗಿಲ್ಲ, ಖಾಕಿ ತೊಟ್ಟಿರುವುದಿಲ್ಲ ಅಷ್ಟೆ.

ಮುಫತ್ತಿನ ಭಾಗವನ್ನು ಪೂರ್ತಿ ತೆಗೆದು, ಉಕಾರ ಅಕಾರವಾದ ಸಂಗತಿಯಿಂದಲೇ ಲೇಖನವನ್ನು ಆರಂಭಿಸಿ ಮತ್ತೆ ಕಳುಹಿಸಿ. ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ