‘ಪರ್ಸನಲೈಸ್ಡ್’ ಮಂಡಿ: ಆ ಒಂದು ಲಕ್ಷ ಯಾವುದಕ್ಕೆ?

ತಿಪಟೂರಿನ ಓದುಗರಿಗೆ,

ನಿಮ್ಮ ತಾಯಿಯವರ ಎರಡೂ ಮಂಡಿ ಸವೆದಿವೆ, ಆಪರೇಷನ್ ಮಾಡಿ ಕೃತಕ ಕೀಲು ಹಾಕಿಸಬೇಕಾಗಿದೆ. ‘ಮಾಮೂಲಿ ಬೇಡ, ಪರ್ಸನಲೈಸ್ಡ್ ಹಾಕಿಸಿ, ಒಂದು ಲಕ್ಷ ಹೆಚ್ಚಾಗುತ್ತದೆ’ ಎಂದಿದ್ದಾರೆ ಆಸ್ಪತ್ರೆಯವರು. ಒಪ್ಪಿಕೊಳ್ಳಲೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಆದರೆ ಆ ಲಕ್ಷ ಯಾವುದಕ್ಕೆ ಎಂದು ಮೊದಲು ಬರೆಸಿಕೊಳ್ಳಿ, ಏಕೆಂದರೆ ಆ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸರಕು ಮಾರಾಟವಾಗುತ್ತಿದೆ.

ಮಾಮೂಲಿ ಆಪರೇಷನ್ನಿನಲ್ಲಿ ತೊಡೆಮೂಳೆಯ ತುದಿಗೆ ರಂಧ್ರ ಕೊರೆದು, ಮಜ್ಜೆಯೊಳಕ್ಕೆ ಉದ್ದನೆಯ ಸರಳು ತೂರಿಸಿ, ಅದರ ಆಧಾರದ ಮೇಲೆ ಮೂಳೆ ಎಲ್ಲಿ ಕೊಯ್ಯಬೇಕೆಂದು ಗುರುತಿಸುತ್ತಾರೆ. ‘ಪರ್ಸನಲೈಸ್ಡ್’ ಎನ್ನುವುದರಲ್ಲಿ ಒಂದನೆಯದು ಅಚ್ಚಿನ ವಿಧಾನ: ಮೊದಲೇ ಸಿಟಿ ಇಲ್ಲವೇ ಎಂಆರ್‌ಐ ಸ್ಕ್ಯಾನ್ ಮಾಡಿ, ರೋಗಿಯ ಮೂಳೆಯ ಉಬ್ಬುತಗ್ಗಿಗೆ ಕಚ್ಚಿ ಕೂರುವ ಪ್ಲಾಸ್ಟಿಕ್ ಅಚ್ಚನ್ನು 3ಡಿ ಪ್ರಿಂಟರಿನಲ್ಲಿ ತೆಗೆಯುತ್ತಾರೆ. ಗರಗಸ ಅದರ ಸೀಳಿನಲ್ಲಿ ಓಡುತ್ತದೆ. ಕೆಲಸ ಮುಗಿದ ಮೇಲೆ ಅಚ್ಚು ಕಸದ ಬುಟ್ಟಿಗೆ. ಕಾಲೊಳಗೆ ಉಳಿಯುವುದು ಬಹುಪಾಲು ಅದೇ ಸಿದ್ಧ ಅಳತೆಯ ಕೀಲು! ಎರಡನೆಯದು, ಕೀಲನ್ನೇ ಒಬ್ಬೊಬ್ಬರಿಗೆ ಬೇರೆಯಾಗಿ ಮಾಡುವುದು, ಇದು ಅಪರೂಪ.

ಮೂರನೆಯದು, ಕಾಲನ್ನು ನೂಲು ಹಿಡಿದಂತೆ ನೆಟ್ಟಗೆ ಮಾಡದೆ ಅವರವರ ಸಹಜ ಬಾಗನ್ನು ಕೊಂಚ ಉಳಿಸುವುದು. ನನಗೆ ಅರ್ಥವಿದೆ ಎನಿಸಿದ್ದು ಇದೇ. ಬೆಲ್ಜಿಯಂನವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂಡಿನೋವೇ ಇಲ್ಲದ ಗಂಡಸರಲ್ಲಿ 32%, ಹೆಂಗಸರಲ್ಲಿ 17% ಮಂದಿಯ ಕಾಲು 3 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಾಗಿತ್ತು. ಇದಕ್ಕೆ ದುಬಾರಿ ಸಾಮಾನು ಬೇಕೇ ಬೇಕೆಂದಿಲ್ಲ. ಮಾಮೂಲಿ ಸಲಕರಣೆಯಲ್ಲೂ ಮಾಡುವ ಸರ್ಜನ್ನರಿದ್ದಾರೆ.

ಅಚ್ಚಿನ ವಿಧಾನವನ್ನು ಮಾಮೂಲಿಯೊಂದಿಗೆ ಹೋಲಿಸಿದ ಅಧ್ಯಯನಗಳು ಬೇಕಾದಷ್ಟಿವೆ. ನೋವಿನಲ್ಲಾಗಲಿ ನಡಿಗೆಯಲ್ಲಾಗಲಿ ಹೇಳಿಕೊಳ್ಳುವಂಥ ಅಂತರ ಒಟ್ಟಾರೆ ಕಂಡಿಲ್ಲ. ತಾಯಿಯವರ ತೊಡೆಮೂಳೆ ಹಿಂದೆಂದೋ ಮುರಿದು ಒಳಗೆ ರಾಡು ಕೂತಿದ್ದರೆ ಮಾತು ಬೇರೆ, ಅಲ್ಲಿ ಸರಳು ತೂರಿಸಲಾಗದು, ಅಚ್ಚು ನಿಜಕ್ಕೂ ಉಪಕಾರಿ. ನೀವು ಅಂಥದ್ದೇನನ್ನೂ ಬರೆದಿಲ್ಲ.

ಬೆಲೆಯ ವಿಚಾರ: 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಾಮೂಲಿ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಜಿಎಸ್‌ಟಿ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಮಿತಿ ಕೀಲಿಗೆ ಮಾತ್ರ. ಅಚ್ಚು, ಸ್ಕ್ಯಾನ್, ಆಸ್ಪತ್ರೆಯ ಚಾರ್ಜು ಅದರೊಳಗೆ ಬರುವುದಿಲ್ಲ. ಹಾಗಾಗಿ ‘ಪ್ಯಾಕೇಜ್’ ಎಂಬ ಒಂದೇ ಸಾಲಿನ ಬಿಲ್ಲಿಗೆ ಒಪ್ಪಬೇಡಿ. ಆ ಸರ್ಜನ್ ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತಾರೆ, ಅದನ್ನೂ ಕೇಳಿ, ಸಂಕೋಚ ಬೇಡ.

ನನ್ನ ಕೈಯಲ್ಲಿದ್ದರೆ ಆ ಹಣದಲ್ಲಿ ಮನೆಗೆ ಬರುವ ಫಿಸಿಯೋಥೆರಪಿಸ್ಟನ್ನು ಗೊತ್ತು ಮಾಡುತ್ತಿದ್ದೆ. ಮನೆಯಲ್ಲಿ ಕುಕ್ಕರಗಾಲಿನ ಪಾಯಖಾನೆ ಇದ್ದರೆ, ಅಡ್ಮಿಟ್ ಆಗುವ ಮೊದಲೇ ಕಮೋಡ್ ಹಾಕಿಸಿಬಿಡಿ.

— ಸಂಪಾದಕ