5 ಮೆಗಾಬಿಟ್ ವೇಗದ ಹಾರ್ಡ್ ಡಿಸ್ಕ್‌ನಿಂದ 165 ಕಿಲೋಬೈಟ್ ಮಾತ್ರ ಬರುವುದೇಕೆ?

ಪ್ರಶ್ನೆ: ನನ್ನ ಹತ್ತಿರ 20 ಮೆಗಾಬೈಟ್‌ನ ಹಳೆಯ ಎಂಎಫ್‌ಎಂ (ಬಿಟ್‌ಗಳನ್ನು ಬರೆಯುವ ಹಳೆಯ ವಿಧಾನ) ಹಾರ್ಡ್ ಡಿಸ್ಕ್ ಇದೆ. ಕೈಪಿಡಿಯಲ್ಲಿ ವೇಗ ಸೆಕೆಂಡಿಗೆ 5 ಮೆಗಾಬಿಟ್ ಎಂದಿದೆ. 8ರಿಂದ ಭಾಗಿಸಿದರೆ 625 ಕಿಲೋಬೈಟ್ ಸಿಗಬೇಕು. ಆದರೆ ನಕಲು ಮಾಡುವಾಗ 165 ದಾಟುವುದೇ ಇಲ್ಲ. ಡಿಸ್ಕ್ ಕೆಡುತ್ತಿದೆಯೇ?

ಉತ್ತರ: ಈ ಸಂಖ್ಯೆ ನೋಡಿದರೆ ಹಾಗನ್ನಿಸುವುದಿಲ್ಲ. 5 ಮೆಗಾಬಿಟ್ ಎಂಬುದು ಹೆಡ್‌ನ (ಡಿಸ್ಕ್ ಓದುವ-ಬರೆಯುವ ತುದಿ) ಕೆಳಗೆ ಹಾದುಹೋಗುವ ಎಲ್ಲ ಬಿಟ್‌ಗಳ ಲೆಕ್ಕ. ಸೆಕ್ಟರ್‌ನ (ಮಾಹಿತಿ ಇಡುವ ಒಂದೊಂದು ತುಂಡು) ವಿಳಾಸ, ತಪ್ಪು ಪತ್ತೆಹಚ್ಚುವ ಬೈಟ್‌ಗಳು, ಸೆಕ್ಟರ್‌ಗಳ ನಡುವೆ ಬಿಟ್ಟ ಖಾಲಿ ಜಾಗ ಎಲ್ಲವೂ ಅದರಲ್ಲಿ ಸೇರಿವೆ. ಆದ್ದರಿಂದ ಹಳೆಯ ಡಿಸ್ಕ್‌ಗಳ ಲೆಕ್ಕವನ್ನು ಬಿಟ್‌ನಿಂದ ಹಿಡಿಯಬೇಡಿ, ಸುತ್ತಿನಿಂದ ಹಿಡಿಯಿರಿ.

ಇಂಥ ಡಿಸ್ಕ್ ನಿಮಿಷಕ್ಕೆ 3,600 ಸುತ್ತು, ಅಂದರೆ ಸೆಕೆಂಡಿಗೆ 60 ಸುತ್ತು ತಿರುಗುತ್ತದೆ. 6,25,000 ಬೈಟ್‌ಗಳನ್ನು 60ಕ್ಕೆ ಹಂಚಿದರೆ ಒಂದು ಸುತ್ತಿಗೆ ಸುಮಾರು 10,416 ಬೈಟ್. ಟ್ರ್ಯಾಕ್‌ನಲ್ಲಿ (ಡಿಸ್ಕ್‌ನ ಮೇಲಿನ ಒಂದು ವೃತ್ತ) ಇರುವುದು 17 ಸೆಕ್ಟರ್, ಒಂದೊಂದರಲ್ಲಿ 512 ಬೈಟ್, ಒಟ್ಟು 8,704. ಉಳಿದ 1,700 ಚಿಲ್ಲರೆ ಬೈಟ್, ಅಂದರೆ ಸೆಕ್ಟರ್ ಒಂದಕ್ಕೆ ಹತ್ತಿರ ಹತ್ತಿರ 100 ಬೈಟ್, ವ್ಯವಸ್ಥೆಗೇ ಖರ್ಚು. 8,704ನ್ನು 60ರಿಂದ ಗುಣಿಸಿದರೆ 5,22,240. 1024ರ ಲೆಕ್ಕದಲ್ಲಿ ಸರಿಯಾಗಿ 510 ಕಿಲೋಬೈಟ್. ಈ ಡಿಸ್ಕ್ ಎಷ್ಟೇ ಪ್ರಯತ್ನಪಟ್ಟರೂ ಇದಕ್ಕಿಂತ ಹೆಚ್ಚು ಕೊಡಲಾರದು.

ಇನ್ನು 510 ಎಲ್ಲಿ 165 ಎಲ್ಲಿ? ನಡುವೆ ಇರುವುದು ಇಂಟರ್‌ಲೀವ್. ಆ ಕಾಲದ ಕಂಟ್ರೋಲರ್ (ಡಿಸ್ಕನ್ನು ನಡೆಸುವ ಕಾರ್ಡ್) ಒಂದು ಸೆಕ್ಟರ್ ಓದಿ ಕಂಪ್ಯೂಟರ್‌ಗೆ ದಾಟಿಸುವಷ್ಟರಲ್ಲಿ ಪಕ್ಕದ ಸೆಕ್ಟರ್ ಹೆಡ್ ದಾಟಿ ಹೋಗಿರುತ್ತಿತ್ತು. ಅದಕ್ಕೇ ಕ್ರಮಸಂಖ್ಯೆಯ ಮುಂದಿನ ಸೆಕ್ಟರನ್ನು ಎರಡು ಸ್ಥಾನ ಬಿಟ್ಟು ಮೂರನೆಯದರಲ್ಲಿ ಇಡುತ್ತಿದ್ದರು. ಇದು 3:1. ಒಂದು ಟ್ರ್ಯಾಕ್ ಓದಿ ಮುಗಿಸಲು ಮೂರು ಸುತ್ತು ಬೇಕು, ಹಾಗಾಗಿ 510 ಇದ್ದದ್ದು 170 ಆಗುತ್ತದೆ. ಹೆಡ್ ಒಂದು ಸಿಲಿಂಡರ್‌ನಿಂದ (ಎಲ್ಲ ಹೆಡ್‌ಗಳ ಕೆಳಗೆ ಒಟ್ಟಿಗೆ ಬರುವ ಟ್ರ್ಯಾಕ್‌ಗಳ ಗುಂಪು) ಇನ್ನೊಂದಕ್ಕೆ ಸರಿಯುವ ಸಮಯವನ್ನೂ ಕಳೆದರೆ ನಿಮ್ಮ 165 ಬಹಳ ಒಳ್ಳೆಯ ಸಂಖ್ಯೆ. 615 ಸಿಲಿಂಡರ್, 4 ಹೆಡ್ ಇರುವ ಡಿಸ್ಕ್ ಆದರೆ 2,460 ಟ್ರ್ಯಾಕ್, ಟ್ರ್ಯಾಕ್‌ಗೆ ಮೂರು ಸುತ್ತು: ಪೂರ್ತಿ ನಕಲಿಗೆ ಕನಿಷ್ಠ 123 ಸೆಕೆಂಡ್.

ಇಂಟರ್‌ಲೀವ್ ಬಿಗಿ ಮಾಡಿ ವೇಗ ಹೆಚ್ಚಿಸುವ ಆಸೆ ಬರಬಹುದು. 3:1 ಬೇಕಾದ ಕಂಟ್ರೋಲರ್‌ಗೆ 2:1 ಕೊಟ್ಟರೆ ಪ್ರತಿ ಸೆಕ್ಟರೂ ಕೂದಲೆಳೆಯಲ್ಲಿ ತಪ್ಪಿಹೋಗಿ, ಅದು ಮತ್ತೆ ಹೆಡ್‌ನ ಕೆಳಗೆ ಬರುವವರೆಗೆ ಇಡೀ ಸುತ್ತು ಕಾಯಬೇಕು. ವೇಗ ಸುಮಾರು 27 ಕಿಲೋಬೈಟ್‌ಗೆ ಕುಸಿಯುತ್ತದೆ, ಎರಡು ನಿಮಿಷದ ಕೆಲಸ ಹದಿಮೂರು ನಿಮಿಷಕ್ಕೆ ಹೋಗುತ್ತದೆ. ಮೇಲಾಗಿ ಇಂಟರ್‌ಲೀವ್ ಬದಲಿಸಲು ಲೋ-ಲೆವೆಲ್ ಫಾರ್ಮ್ಯಾಟ್ ಮಾಡಬೇಕು, ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ನಕಲು ಕೈಸೇರುವವರೆಗೆ ಅದರ ತಂಟೆಗೆ ಹೋಗಬೇಡಿ. ಕಂಟ್ರೋಲರ್ ಕಾರ್ಡನ್ನೂ ಬದಲಿಸಬೇಡಿ, ಒಂದು ಕಾರ್ಡ್ ಫಾರ್ಮ್ಯಾಟ್ ಮಾಡಿದ್ದನ್ನು ಇನ್ನೊಂದು ಓದುತ್ತದೆಂಬ ಭರವಸೆ ಇಲ್ಲ.

ಡಿಸ್ಕ್ ನಿಜವಾಗಿ ಕೆಡುತ್ತಿದ್ದರೆ ಲಕ್ಷಣವೇ ಬೇರೆ. ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ನಿಧಾನವಾಗಿದ್ದರೆ ಅದು ಇಂಟರ್‌ಲೀವ್. ಕೆಲವೇ ಸಿಲಿಂಡರ್‌ಗಳಲ್ಲಿ ತಡವರಿಸಿ ಮತ್ತೆ ವೇಗ ಹಿಡಿದರೆ ಅಲ್ಲಿ ಮರುಪ್ರಯತ್ನ ನಡೆಯುತ್ತಿದೆ ಎಂದರ್ಥ, ಒಂದೊಂದು ಪ್ರಯತ್ನಕ್ಕೂ 16.7 ಮಿಲಿಸೆಕೆಂಡ್‌ನ ಒಂದು ಸುತ್ತು ಹೋಗುತ್ತದೆ. ಆ ಸಿಲಿಂಡರ್‌ಗಳನ್ನು ಗುರುತು ಹಾಕಿಕೊಂಡು ಬಿಟ್ಟು, ಉಳಿದದ್ದನ್ನು ಮೊದಲು ಓದಿಸಿಕೊಳ್ಳಿ.

ಪ್ರಶ್ನೆ: 360 ಕಿಲೋಬೈಟ್‌ನ ಐದೂಕಾಲು ಇಂಚಿನ ಫ್ಲಾಪಿಗಳ ವೇಗ 250 ಕಿಲೋಬಿಟ್ ಅಂತ ಓದಿದ್ದೆ. ನನ್ನ 1.2 ಮೆಗಾಬೈಟ್ ಡ್ರೈವ್‌ಗೆ ಹಾಕಿ 250 ಎಂದು ಹೊಂದಿಸಿದರೆ ಒಂದು ಸೆಕ್ಟರೂ ಸಿಗುತ್ತಿಲ್ಲ.

ಉತ್ತರ: 300 ಎಂದು ಹೊಂದಿಸಿ. 360 ಕಿಲೋಬೈಟ್ ಡ್ರೈವ್ ನಿಮಿಷಕ್ಕೆ 300 ಸುತ್ತು ತಿರುಗಿದರೆ 1.2 ಮೆಗಾಬೈಟ್ ಡ್ರೈವ್ 360 ಸುತ್ತು ತಿರುಗುತ್ತದೆ. ಫ್ಲಾಪಿಯ ಮೇಲಿನ ಬಿಟ್‌ಗಳು ಅವೇ, ಹೆಡ್ ದಾಟುವ ವೇಗ ಮಾತ್ರ ಹೆಚ್ಚು: 250 × 360 ÷ 300 = 300 ಕಿಲೋಬಿಟ್. ಜೊತೆಗೆ ಡ್ರೈವ್‌ನಲ್ಲಿ 80 ಟ್ರ್ಯಾಕ್, ಫ್ಲಾಪಿಯಲ್ಲಿ 40. ಡಬಲ್ ಸ್ಟೆಪ್ (ಪ್ರತಿ ಸಲ ಎರಡು ಹೆಜ್ಜೆ ಸರಿಯುವುದು) ಹಾಕಲೇಬೇಕು, ಇಲ್ಲದಿದ್ದರೆ ಹೆಡ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಎರಡೂ ಸರಿಯಿದ್ದರೆ 9 × 512 × 6, ಸೆಕೆಂಡಿಗೆ 27 ಕಿಲೋಬೈಟ್‌ವರೆಗೆ ಬರುತ್ತದೆ. ಓದಲು ಮಾತ್ರ ಈ ಡ್ರೈವ್ ಬಳಸಿ. ಇದರ ಹೆಡ್ ಬರೆಯುವ ಟ್ರ್ಯಾಕ್ ಕಿರಿದು, ಹಳೆಯ ಬರಹದ ಮೇಲೆ ಬರೆದರೆ ಅಂಚಿನಲ್ಲಿ ಹಳೆಯದು ಉಳಿದು 360ರ ಡ್ರೈವ್‌ಗೆ ಗೊಂದಲವಾಗುತ್ತದೆ.

ಪ್ರಶ್ನೆ: ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸುವ ಸ್ಕಸಿ ಮತ್ತು ಸಾಟಾ ಸಂಪರ್ಕಗಳ ವೇಗದ ಅಂಕಿಗಳಲ್ಲಿ ಯಾವುದು ಬಿಟ್, ಯಾವುದು ಬೈಟ್?

ಉತ್ತರ: ಅಗಲ ರಿಬ್ಬನ್ ಕೇಬಲ್‌ನ ಹಳೆಯ ಸ್ಕಸಿಯ ಅಂಕಿ ಬೈಟ್‌ನಲ್ಲೇ ಇರುತ್ತದೆ: 8 ಬಿಟ್ ಫಾಸ್ಟ್ ಸ್ಕಸಿ 10 ಮೆಗಾಬೈಟ್, 16 ಬಿಟ್ ವೈಡ್ ಆದರೆ 20. ಸಾಟಾದ 1.5 ಗಿಗಾಬಿಟ್ ಮಾತ್ರ ಬಿಟ್, ಅಲ್ಲಿ 8ರಿಂದ ಭಾಗಿಸಬೇಡಿ. ಪ್ರತಿ 8 ಬಿಟ್ ತಂತಿಯ ಮೇಲೆ 10 ಬಿಟ್ ಆಗಿ ಹೋಗುವುದರಿಂದ 10ರಿಂದ ಭಾಗಿಸಿ, 150 ಮೆಗಾಬೈಟ್ ಬರುತ್ತದೆ. 9600 ವೇಗದ ಸೀರಿಯಲ್ ಕೇಬಲ್‌ಗೂ 10ರ ಭಾಗಾಕಾರವೇ, ಕಾರಣ ಬೇರೆ: ಒಂದೊಂದು ಬೈಟ್‌ಗೂ ಒಂದು ಸ್ಟಾರ್ಟ್ ಬಿಟ್, ಒಂದು ಸ್ಟಾಪ್ ಬಿಟ್ ಸೇರುತ್ತವೆ. ಸೆಕೆಂಡಿಗೆ 960 ಬೈಟ್. ನಿಮ್ಮ ಕಂಪ್ಯೂಟರ್‌ನಲ್ಲಿ ಅದೊಂದೇ ದಾರಿ ಇದ್ದರೆ 20 ಮೆಗಾಬೈಟ್‌ಗೆ ಆರು ಗಂಟೆಗೂ ಮೇಲೆ ಹಿಡಿಯುತ್ತದೆ.